ಆರನೆಯ ಬೀಗ

ಅಕ್ಟೋಬರ್ 13, ಸೋಮವಾರ, ಬೆಳಿಗ್ಗೆ 8.20. ಮೊಂಟಾನಾದ ಆ ಚಿಕ್ಕ ಕೌಂಟಿಯ ಶೆರಿಫ್ ಕಚೇರಿಗೆ ಕಾಡುದಾರಿ ಸವಾರರ ಸಂಘದ ಅಧ್ಯಕ್ಷ ಡೇಲ್ ರೋಪರ್ ಬಂದು ಲಿಖಿತ ದೂರು ಸಲ್ಲಿಸಿದ. ಹಿಂದಿನ ದಿನ ಮಧ್ಯಾಹ್ನ ಸದಸ್ಯ ಟ್ರಾವಿಸ್ ಕೆಮ್ಮರ್‌ನ ನಾಲ್ಕು ಚಕ್ರದ ಬೈಕು ಕಾಡಿನ ಒಂಬತ್ತು ಮೈಲಿ ಒಳಗೆ ಮಗುಚಿ, ಅವನ ಎಡಗಾಲು ಅದರಡಿ ಸಿಕ್ಕಿಕೊಂಡಿತ್ತು. ಬೈಕುಗಳು ನುಸುಳಲು ಕಾಡುದಾರಿಯ ಬಾಯಲ್ಲಿರುವ ಗೇಟಿನ ಪಕ್ಕದಲ್ಲಿ ಕಿರಿದಾದ ಸಂದಿಯಿದೆ. ಆಂಬುಲೆನ್ಸಿಗೆ ಗೇಟೇ ಬೇಕು. 2.35ಕ್ಕೆ ಅಗ್ನಿಶಾಮಕದವರ ಕೀಲಿಗೆ ಅವರ ಬೀಗ ತೆರೆಯಿತು. ಗೇಟು ತೆರೆಯಲಿಲ್ಲ. ಬೀಗ ತುಂಡರಿಸುವ ದೊಡ್ಡ ಕತ್ತರಿ ಪೇಟೆಯಿಂದ ಬರಲು ಐವತ್ತು ನಿಮಿಷ ಹಿಡಿಯಿತು. ಟ್ರಾವಿಸ್‌ನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ದನಗಾಹಿ ಹಾಲಿಸ್ ಗ್ರೀರ್‌ನ ಮೇಲೆ ತನಗೆ ಸಂಶಯವೆಂದು ರೋಪರ್ ಬರೆಸಿದ. ಯಾವ ದಾರಿಯನ್ನು ವಾಹನಗಳಿಗೆ ಬಿಡಬೇಕು, ಯಾವುದನ್ನು ನಕ್ಷೆಯಿಂದ ಅಳಿಸಬೇಕು ಎಂದು ಅರಣ್ಯ ಕಚೇರಿ ಕರೆದ ಸಭೆಯಲ್ಲಿ ಗ್ರೀರ್ ಕೂಗಾಡಿದ್ದನಂತೆ.

"ಗೇಟಿಗೆ ವೆಲ್ಡಿಂಗ್ ಮಾಡಿಸ್ತೀನಿ ಅಂದ, ಮೇಡಂ. ಕಾಡು ಅವರಪ್ಪನ ಮನೆ ಹಿತ್ತಲು ಅಂದ್ಕೊಂಡಿದಾನೆ."

"ಅವನೊಬ್ನೇ ಕೂಗಾಡಿದ್ದಾ?" ಎಂದಳು ಸಾರ್ಜೆಂಟ್ ಲೋರ್ನಾ ಟೀಗ್.

"ನಾನೂ ಸ್ವಲ್ಪ."

ಪ್ರಕರಣ ದಾಖಲಾಯಿತು. 10.45ಕ್ಕೆ ಟೀಗ್ ತನ್ನ ಸಹಾಯಕ ಏಮಸ್ ಪ್ರೂಯಿಟ್‌ನೊಡನೆ ಗೇಟಿನ ಬಳಿ ಸ್ಥಳ ಮಹಜರು ನಡೆಸಿದಳು.

ಗೇಟಿನ ಸರಪಳಿಯಲ್ಲಿ ಐದು ಬೀಗಗಳಿದ್ದವು: ಅರಣ್ಯ ಇಲಾಖೆ, ಅಗ್ನಿಶಾಮಕ, ವಿದ್ಯುತ್ ಕಂಪನಿ, ಗ್ರೀರ್, ಮತ್ತು ಗೇಟಿನ ಒಳಗಿರುವ ಒಂದೇ ಮನೆಯ ಆಸ್ಬಿ ದಂಪತಿ. ಒಂದರ ಕೊಂಡಿಗೆ ಇನ್ನೊಂದನ್ನು ಸಿಕ್ಕಿಸಿ ಸರಪಳಿಯ ಎರಡು ತುದಿಗಳನ್ನು ಕೂಡಿಸಿರುತ್ತಾರೆ. ಯಾರು ತಮ್ಮ ಬೀಗ ತೆರೆದರೂ ಸರಪಳಿ ಅಲ್ಲಿ ಬಿಡುತ್ತದೆ. ಹೋಗುವಾಗ ಅಕ್ಕಪಕ್ಕದ ಬೀಗಗಳಿಗೆ ಮತ್ತೆ ಸಿಕ್ಕಿಸಿ ಹೋಗಬೇಕು. ಈ ಸೀಮೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ; ಗೇಟು ತೆರೆದು ಮುಚ್ಚಿಯೇ ಕಲಿಯುತ್ತಾರೆ.

ಕತ್ತರಿಸುವ ಮುನ್ನ ಆಂಬುಲೆನ್ಸಿನವರು ತೆಗೆದ ಚಿತ್ರದಲ್ಲಿ ಆರನೆಯದೊಂದು ಹೊಸ ಹಿತ್ತಾಳೆ ಬೀಗ ಸರಪಳಿಯ ಎರಡೂ ತುದಿಗಳನ್ನು ನೇರವಾಗಿ ಬಿಗಿದಿತ್ತು. ಹಳೆಯವು ಎಡಕ್ಕೆ ಎರಡು, ಬಲಕ್ಕೆ ಎರಡು, ಕೆಲಸವಿಲ್ಲದೆ ಜೋತಾಡುತ್ತಿದ್ದವು. ಐದನೆಯದು ಸರಪಳಿಯ ದೂರದ ಕೊಂಡಿಯೊಂದರಲ್ಲಿ ಒಂಟಿಯಾಗಿ ನೇತಾಡುತ್ತಿತ್ತು.

"ಇದು ಆಸ್ಬಿಯದು," ಎಂದ ಪ್ರೂಯಿಟ್. "ಒಡೆದಿಲ್ಲ."

"ಅಂದ್ರೆ ಕೀಲಿ ಹಾಕಿ ತೆಗೆದಿದಾರೆ. ಗ್ರೀರ್ ಆಗಿದ್ರೆ ತನ್ನ ಬೀಗ ತೆಗೀತಿದ್ದ."

ಗ್ರೀರ್‌ನ ಮೂವತ್ತು ಹಸುಗಳೂ ಗೇಟಿನ ಒಳಗೇ ಸಿಕ್ಕಿಕೊಂಡಿದ್ದವೆಂಬುದು ಹನ್ನೆರಡರ ಹೊತ್ತಿಗೆ ತಿಳಿಯಿತು. ಹಿತ್ತಾಳೆ ಬೀಗವನ್ನು ಶುಕ್ರವಾರ ಕಾರ್ಲೀನ್ ಆಸ್ಬಿಗೆ ಮಾರಿದ್ದಾಗಿ ಪೇಟೆಯ ಅಂಗಡಿಯವನು ಹೇಳಿಕೆ ಕೊಟ್ಟ.

ಮಧ್ಯಾಹ್ನ 2.10. ಆಸ್ಬಿಯವರ ಮನೆಯ ಜಗಲಿಯಲ್ಲಿ ವರ್ಲಿನ್ ಆಸ್ಬಿ ಬೂಟು ಬಿಗಿದು ಕುಳಿತಿದ್ದ. ಮೂವತ್ತೊಂದು ವರ್ಷ ಅರಣ್ಯ ಇಲಾಖೆಯ ರಸ್ತೆ ಮಟ್ಟ ಮಾಡುವ ಯಂತ್ರ ಓಡಿಸಿದವನು. ಆ ಗೇಟನ್ನು ನೆಟ್ಟವನೂ ಅವನೇ. ಕೊರಳಲ್ಲಿ ಬೂಟಿನ ದಾರಕ್ಕೆ ಕಟ್ಟಿದ ಕೀಲಿಯಿತ್ತು.

"ಆಫೀಸಿಂದ ಬಂದ್ಯೇನಮ್ಮ? ಗೇಟಿಗೆ ಎಣ್ಣೆ ಹಾಕ್ಸು. ದಿನಾ ಹೋಗಿ ಬೀಗ ತೆಗೀತೀನಿ, ಸರಪಳಿ ಬಿಡಲ್ಲ. ಕೆಲ್ಸಕ್ಕೆ ಹೊತ್ತಾಗ್ತಿದೆ."

ಅವನು ನಿವೃತ್ತನಾಗಿ ಹನ್ನೆರಡು ವರ್ಷವಾಗಿತ್ತು.

ಕಾರ್ಲೀನ್ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತೇ ಉತ್ತರಿಸಿದಳು. ಕಳೆದ ತಿಂಗಳು ಗಂಡ ಹೆದ್ದಾರಿಯಲ್ಲಿ ಎದುರು ದಿಕ್ಕಿಗೆ ಟ್ರಕ್ಕು ಓಡಿಸಿದ್ದ. ಲಾರಿಯೊಂದು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತ್ತು.

"ಟ್ರಕ್ಕಿನ ಕೀಲಿ ಬಚ್ಚಿಡಬಹುದಿತ್ತಲ್ಲ?"

"ಬಚ್ಚಿಟ್ಟೆ. ತಂತಿ ಜೋಡಿಸಿ ಹೊರಡ್ತಾರೆ. ತಲೆ ಮರ್ತಿದೆ, ಕೈ ಮರ್ತಿಲ್ಲ."

"ಗೇಟಿನ ಕೀಲಿ?"

"ಕಿತ್ಕೊಂಡ್ರೆ ಅಳ್ತಾರೆ, ಮೇಡಂ. ಮಲಗಿದ್ದಾಗ ತಗೊಂಡೋಗಿ ಅವ್ರ ಬೀಗ ಪಕ್ಕಕ್ಕೆ ಹಾಕಿದೆ. ಕೀಲಿ ತಿರುಗಿದ್ರೆ ಸಾಕು, ಗೇಟು ತುಕ್ಕು ಹಿಡಿದಿದೆ ಅಂತ ವಾಪಸ್ ಬರ್ತಾರೆ."

"ಮಿಕ್ಕ ನಾಲ್ಕು ಬೀಗದವ್ರು?"

"ನಲವತ್ತು ವರ್ಷ ಈ ದಾರೀಲಿ ಓಡಾಡಿದೀನಿ. ಒಂದಿನಾನೂ ಇವ್ರು ನನ್ನನ್ನ ಗೇಟು ಮುಟ್ಟೋಕೆ ಬಿಟ್ಟಿಲ್ಲ. ಗಾಡೀಲೇ ಕೂತಿರ್ತಿದ್ದೆ. ನಮ್ಮದು ಬದಲಾಯಿಸಿದ್ರೆ ನಮಗಷ್ಟೇ ಅಂದ್ಕೊಂಡೆ."

"ಯಾರಿಗಾದ್ರೂ ಹೇಳ್ಬೇಕಿತ್ತು."

"ಹೇಳಿದ್ರೆ ಇವ್ರನ್ನ ತೊಂಬತ್ತು ಮೈಲಿ ದೂರದ ಆರೈಕೆ ಮನೆಗೆ ಸೇರಿಸ್ತಾರೆ. ಅಲ್ಲೂ ಬಾಗಿಲಿಗೆ ಬೀಗಾನೇ. ಆದ್ರೆ ಒಳಗೆ ನಾನಿರಲ್ಲ."

ಅವಳೇ ಕೇಳಿದಳು: "ಆ ಬೈಕಿನವನ ಕಾಲು ಉಳೀತಾ?"

"ಇಲ್ಲ."

ಕಾರ್ಲೀನ್ ಒಲೆ ಆರಿಸಿದಳು.

3.40ಕ್ಕೆ ಬಂಧನ. ಸಾರ್ವಜನಿಕ ರಸ್ತೆಗೆ ಅಡ್ಡಿ, ನಿರ್ಲಕ್ಷ್ಯದಿಂದ ಪರರ ಜೀವಕ್ಕೆ ಅಪಾಯ. ವರ್ಲಿನ್‌ನನ್ನು ಒಬ್ಬನೇ ಬಿಟ್ಟುಬರುವಂತಿರಲಿಲ್ಲ. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಗೆ ತಿಳಿಸಿ, ಅವನನ್ನೂ ಅದೇ ವಾಹನದಲ್ಲಿ ಕೂರಿಸಿಕೊಂಡರು.

ಬೆಳಗಿನ ಮಹಜರಿನ ನಂತರ, ಅರಣ್ಯ ಕಚೇರಿಯಲ್ಲಿದ್ದ ನಕಲು ಕೀಲಿಗಳನ್ನು ತರಿಸಿ, ಐದು ಬೀಗಗಳನ್ನೂ ಪ್ರೂಯಿಟ್ ಕ್ರಮವಾಗಿ ಸಿಕ್ಕಿಸಿದ್ದ. ಗೇಟು ಬಂದಾಗ ಅವನು ಇಳಿಯಲು ವಾಹನದ ಬಾಗಿಲಿಗೆ ಕೈ ಹಾಕಿದ. ವರ್ಲಿನ್ ಅವನನ್ನು ತಡೆದು ತಾನೇ ಇಳಿದ. ಕೊರಳ ಕೀಲಿ ತಿರುಗಿತು, ಸರಪಳಿ ಸರ್ರನೆ ಜಾರಿತು, ಗೇಟು ತೆರೆಯಿತು. ವಾಹನ ದಾಟಿದ ಮೇಲೆ ಅವನು ಗೇಟು ಮುಚ್ಚಿ, ತನ್ನ ಬೀಗವನ್ನು ಎರಡು ನೆರೆಬೀಗಗಳ ನಡುವೆ ಒಂದಿಷ್ಟೂ ತಪ್ಪದೆ ಸಿಕ್ಕಿಸಿ, ಎರಡು ಸಲ ಎಳೆದು ನೋಡಿದ.

"ಎಣ್ಣೆ ಹಾಕಿದಾರೆ ಕಣೇ," ಎಂದು ಹಿಂದಿನ ಸೀಟಿನ ಹೆಂಡತಿಗೆ ಹೇಳುತ್ತ ಹತ್ತಿ ಕುಳಿತ. "ನೀನು ಇಳಿಯೋದೇ ಬೇಡ, ಗೇಟು ನನ್ನ ಕೆಲ್ಸ."

ಅವಳ ಬೇಡಿ ಹಾಕಿದ ಕೈಗಳು ಮಡಿಲಲ್ಲಿದ್ದವು. ಮುಂದೆ ಹೆದ್ದಾರಿ ತೆರೆದುಕೊಂಡಿತ್ತು.