ತುದಿಗಾಲಮ್ಮನ ಹೆಸರು

ಕತೆ ಹೇಳುತ್ತೇನೆ, ನೀವು ಹೂಂಗುಡಬೇಕು. ಹೂಂ ಅನ್ನದವರಿಗೆ ನಾನು ಕತೆ ಹೇಳುವವಳಲ್ಲ. ಯಾಕೆ ಅಂತ ಕೊನೆಗೆ ನಿಮಗೇ ಗೊತ್ತಾಗುತ್ತದೆ.

ಬಹಳ ಕಾಲದ ಹಿಂದೆ ಬಿಸಿಲಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿಗೆ ಕಡಲಾಚೆಯಿಂದ ಒಬ್ಬ ಹೆಂಗಸು ಬಂದಳು. ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿಯುವವಳು. ಅವಳ ಕಡೆ ಆ ಕುಣಿತಕ್ಕೆ ಬ್ಯಾಲೆ ಅನ್ನುತ್ತಿದ್ದರು. ರಾಜ ಒಂದು ಹಳೇ ಆನೆಲಾಯವನ್ನು ಗುಡಿಸಿ ಸಾರಿಸಿ ಕೊಟ್ಟ. ಅಲ್ಲಿ ಊರಿನ ಚಿಳ್ಳೆಪಿಳ್ಳೆಗಳಿಗೆಲ್ಲ ಪಾಠ ಶುರುವಾಯಿತು. ಅವಳ ಹೆಸರು ಮಾತ್ರ ಯಾರ ನಾಲಿಗೆಯಲ್ಲೂ ಹೊರಳಲಿಲ್ಲ. ಎಲ್ಲರೂ ತುದಿಗಾಲಮ್ಮ ಅಂದರು, ಅದೇ ನಿಂತಿತು.

ಅವಳ ಪಾಠವೂ ವಿಚಿತ್ರವೇ. ಕಾಲು ಹೀಗಿಡು, ಕೈ ಹಾಗಿಡು ಅಂತ ಗದರಿದವಳಲ್ಲ. "ತೊಟ್ಟಿಲಲ್ಲಿ ಕೂಸು ಮಲಗಿದೆ, ಎಚ್ಚರವಾಗದ ಹಾಗೆ ಬನ್ನಿ ನೋಡೋಣ" ಅನ್ನುವಳು. ಮಕ್ಕಳ ಹಿಮ್ಮಡಿ ತಾನಾಗಿಯೇ ಮೇಲೇಳುತ್ತಿತ್ತು. "ಈಗ ನೀವು ಕಪ್ಪೆಗಳು, ತಾವರೆ ಎಲೆಯ ಮೇಲೆ ಇಳಿದದ್ದು ನೀರಿಗೇ ಗೊತ್ತಾಗಬಾರದು" ಅನ್ನುವಳು. ಮಂಡಿ ಮೆತ್ತಗೆ ಮಡಿಸಿಕೊಂಡು ಇಳಿಯುವುದನ್ನು ಮಕ್ಕಳು ಹಾಗೆ ಕಲಿತರು.

ಆಟ ಮುಗಿದ ಮೇಲೆ ಒಂದು ಕಟ್ಟುನಿಟ್ಟು. ಹಿಮ್ಮಡಿ ನೆಲಕ್ಕೂರಿ ಒಬ್ಬೊಬ್ಬರೂ ತಮ್ಮ ಹೆಸರು ಹೇಳಬೇಕು, ತುದಿಗಾಲಮ್ಮ ಹೂಂ ಅನ್ನಬೇಕು. ಆಗಲೇ ಕಪ್ಪೆ ಮತ್ತೆ ಮಗುವಾಗುವುದು. ಯಾಕೆಂದರೆ ಬೆಟ್ಟದ ಗವಿಯಲ್ಲಿ ಬಂಡೆಗಾಲ ಅನ್ನುವ ಮಾಯಗಾರನಿದ್ದ. ಅವನ ಎರಡು ಕಾಲೂ ಕಲ್ಲು, ಕುಣಿಯುವವರನ್ನು ಕಂಡರೆ ಹೊಟ್ಟೆಕಿಚ್ಚು. ವೇಷ ಇಳಿಸದೆ ಉಳಿದವರನ್ನು ಆ ವೇಷದಲ್ಲೇ ಎಳೆದುಕೊಂಡು ಹೋಗುತ್ತಿದ್ದ.

ಎಲ್ಲರದೂ ಆದಮೇಲೆ ತುದಿಗಾಲಮ್ಮ ತನ್ನ ಹೆಸರು ಹೇಳುವಳು. ಅವಳಿಗೆ ಹೂಂ ಅನ್ನಲು ದಿನಕ್ಕೊಂದು ಮಗುವಿನ ಸರದಿ. ಆ ಮಗು ಹೂಂ ಅನ್ನುತ್ತಿತ್ತು, ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅದರ ಕಣ್ಣು, ಕಿವಿ, ಜೀವ ಎಲ್ಲವೂ ಬಾಗಿಲಾಚೆಯ ಚಪ್ಪಲಿಯ ಮೇಲೆ.

ಒಂದು ದಿನ ಕುಂಬಾರರ ದೇವೀರಿಯ ಸರದಿ. ಏಳು ವರ್ಷದ ಹುಡುಗಿ. ಅವತ್ತೇ ಅವಳಪ್ಪ ಗೆಜ್ಜೆ ಕಟ್ಟಿದ ಹೊಸ ಚಪ್ಪಲಿ ತಂದುಕೊಟ್ಟಿದ್ದ. ಅವತ್ತಿನ ಆಟ ಮೋಡದ್ದು. ತುದಿಗಾಲಮ್ಮನೂ ಮಕ್ಕಳ ಜೊತೆ ಮೋಡವಾಗಿ ತೇಲಿದಳು. ಆಟ ಮುಗಿಯಿತು. ದೇವೀರಿ ತನ್ನ ಹೆಸರು ಹೇಳಿ, ಹೂಂ ಅನ್ನಿಸಿಕೊಂಡು, ಸರದಿ ಮರೆತು ಚಪ್ಪಲಿಯ ಕಡೆ ಒಂದೇ ಓಟ ಕಿತ್ತಳು. ಹಿಂದೆ ಯಾರೋ ಮೆಲ್ಲಗೆ ಏನೋ ಹೇಳಿದ ಹಾಗಾಯಿತು. ತಿರುಗಿ ನೋಡಿದರೆ ತುದಿಗಾಲಮ್ಮ ಇಲ್ಲ. ಒಂದು ಬಿಳೀ ಮೋಡ ಕಿಟಕಿಯಿಂದ ಬೆಟ್ಟದ ಕಡೆ ಹೋಗುತ್ತಿತ್ತು.

ಆಮೇಲೆ ಲಾಯಕ್ಕೆ ಬೀಗ ಬಿತ್ತು. ದೇವೀರಿ ದಿನಾ ಹೋಗಿ ಅದರ ಹೊಸ್ತಿಲ ಮೇಲೆ ಕೂರುತ್ತಿದ್ದಳು. ಬೆಟ್ಟದ ಮೇಲೆ ಮೋಡ ಕಂಡರೆ ಸಾಕು, ಎದ್ದು ನಿಂತು ನೋಡುತ್ತಿದ್ದಳು. ಊಟ ಸೇರುತ್ತಿರಲಿಲ್ಲ.

"ಬೇರೆ ಯಾರಾದ್ರೂ ಕಲಿಸೋರು ಬರ್ತಾರೆ ಬಿಡವ್ವ" ಅಂದ ಅಪ್ಪ.

"ನಂಗೆ ಅವರೇ ಬೇಕಪ್ಪ. ಅವತ್ತು ಸರದಿ ನಂದಿತ್ತು" ಅಂದಳು ದೇವೀರಿ.

ಒಂದು ಬೆಳಗ್ಗೆ ಗೆಜ್ಜೆಯ ಚಪ್ಪಲಿ ಮೆಟ್ಟಿಕೊಂಡು ಬೆಟ್ಟದ ದಾರಿ ಹಿಡಿದಳು.

ಮೊದಲು ಸಿಕ್ಕಿದ್ದು ಹುಲಿ. ದಾರಿಗೆ ಅಡ್ಡವಾಗಿ ಮಲಗಿತ್ತು, ಸುತ್ತ ಒಣಗಿದ ತರಗೆಲೆ. ದೇವೀರಿ ನಿಂತಲ್ಲೇ ನಿಂತಳು. ತುದಿಗಾಲಮ್ಮ ಏನು ಹೇಳಿಕೊಟ್ಟಿದ್ದರು? ತೊಟ್ಟಿಲ ಕೂಸು. ಚಪ್ಪಲಿ ಬಿಚ್ಚಿ, ಗೆಜ್ಜೆ ಸದ್ದಾಗದ ಹಾಗೆ ಉಡಿಯಲ್ಲಿ ಕಟ್ಟಿಕೊಂಡು, ಬೆರಳ ತುದಿಯಲ್ಲಿ ದಾಟಿದಳು. ಹುಲಿ ನಿದ್ದೆಯಲ್ಲೇ ಆಕಳಿಸಿತು.

ಆಮೇಲೆ ಕರೀ ನೀರಿನ ಮಡು. ಮುಟ್ಟಿದವರನ್ನು ನುಂಗುವ ನೀರು, ಮೇಲೆ ಅಲ್ಲಲ್ಲಿ ತಾವರೆ ಎಲೆ. ತುದಿಗಾಲಮ್ಮ ಏನು ಹೇಳಿಕೊಟ್ಟಿದ್ದರು? ಕಪ್ಪೆ. ಎಲೆಯಿಂದ ಎಲೆಗೆ ಹಾರಿದಳು. ಇಳಿದದ್ದು ನೀರಿಗೆ ಗೊತ್ತಾಗಲೇ ಇಲ್ಲ.

ಮೂರನೆಯದು ಗವಿ. ಅಭ್ಯಾಸದಂತೆ ಉಡಿಯಲ್ಲಿದ್ದ ಚಪ್ಪಲಿಯನ್ನು ಬಾಗಿಲಲ್ಲಿಟ್ಟು ಒಳಗೆ ಹೋದಳು. ಮೇಲೆ ಗೋಡೆಗೆ ಅಂಟಿಕೊಂಡು ಆ ಬಿಳೀ ಮೋಡ ಇತ್ತು. ಕೆಳಗೆ ಬಂಡೆಗಾಲ ಕೂತಿದ್ದ.

"ಬಾ ಬಾ. ಅವಳ ಹೆಸರು ಹಿಡಿದು ಕರೆ, ಬಂದ್ರೆ ಕರ್ಕೊಂಡು ಹೋಗು" ಅಂದ.

"ತುದಿಗಾಲಮ್ಮ" ಅಂದಳು ದೇವೀರಿ. ಮೋಡ ಸ್ವಲ್ಪ ಅಲುಗಿತು, ಅಷ್ಟೇ.

"ಅದು ನೀವಿಟ್ಟ ಹೆಸರು. ಅವಳದ್ದು ಯಾವುದು ಹೇಳು."

ಅಯ್ಯೋ, ಏನಂತ ಹೇಳುತ್ತಾಳೆ? ದಿನಾ ಕಿವಿಗೆ ಬಿದ್ದ ಹೆಸರು, ಒಂದು ದಿನವೂ ಕೇಳಿಸಿಕೊಂಡದ್ದಲ್ಲ. ದೇವೀರಿ ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಅತ್ತು ಮೂಗು ಒರೆಸಿಕೊಂಡು ಎದ್ದಳು.

"ಆಟ ಇನ್ನೂ ಮುಗಿದಿಲ್ಲ" ಅಂದಳು.

ಒಬ್ಬಳೇ ಮೊದಲಿಂದ ಪಾಠ ಶುರು ಮಾಡಿದಳು. ತೊಟ್ಟಿಲ ಕೂಸಿನ ಪಕ್ಕ ನಡೆದಳು, ಕಪ್ಪೆಯಾಗಿ ಹಾರಿದಳು, ಕೈಯೆತ್ತಿ ಮೋಡವಾಗಿ ತೇಲಿದಳು. ಆಮೇಲೆ ಹಿಮ್ಮಡಿ ನೆಲಕ್ಕೂರಿ "ದೇವೀರಿ" ಅಂದಳು.

ಮೇಲಿನಿಂದ, ಇದ್ದೂ ಇಲ್ಲದ ಹಾಗೆ, "ಹೂಂ" ಅಂತ ಕೇಳಿಸಿತು.

ದೇವೀರಿ ಜಾಗ ಬಿಟ್ಟು ಕದಲಲಿಲ್ಲ. ಮುಖವೆತ್ತಿ ಕಾದಳು. ಬಿಸಿಲು ಗವಿಯ ಈ ಗೋಡೆಯಿಂದ ಆ ಗೋಡೆಗೆ ಹೋಯಿತು. ಬಂಡೆಗಾಲನಿಗೆ ಭಯವಾಯಿತು. ಕಲ್ಲುಕಾಲು ಎಳೆಯುತ್ತ ಹೊರಗೆ ಹೋಗಿ ಗೆಜ್ಜೆಯ ಚಪ್ಪಲಿ ಝಲ್ ಝಲ್ ಅನ್ನಿಸಿ, "ಹೊತ್ತಾಯ್ತು, ಮನೆಗೆ ಓಡು" ಅಂದ. ಅವಳು ತಿರುಗಿಯೂ ನೋಡಲಿಲ್ಲ. ಅಷ್ಟು ದಿನ ಕೇಳುವವರಿಲ್ಲದೆ ಒಳಗೇ ಉಳಿದಿದ್ದ ಹೆಸರನ್ನು ಮೋಡ ಕೊನೆಗೂ ಹೇಳಿತು.

"ಮಿರೇನಾ."

"ಹೂಂ" ಅಂದಳು ದೇವೀರಿ.

ಎರಡು ಹಿಮ್ಮಡಿ ನೆಲ ಮುಟ್ಟಿದವು. ಮಿರೇನಾ ಮಗುವನ್ನು ಬಾಚಿ ತಬ್ಬಿಕೊಂಡಳು.

ಬಂಡೆಗಾಲನ ಮಾಯೆ ಅಲ್ಲಿಗೆ ಕಳಚಿತು, ಆದರೂ ಕಾಲು ಕಲ್ಲಾಗಿಯೇ ಇತ್ತು. ಮಿರೇನಾ ಅವನ ಕಡೆ ತಿರುಗಿ, "ನಿಮ್ಮ ಹೆಸರೇನು?" ಅಂದಳು. ಹುಟ್ಟಿದ ಮೇಲೆ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವನು ತಡವರಿಸಿ ಹೇಳಿದ, ಅವಳು ಹೂಂ ಅಂದಳು. ಕಲ್ಲು ಕರಗಿ ಕಾಲಾಯಿತು. ಆಮೇಲೆ ಲಾಯದ ಬಾಗಿಲಲ್ಲಿ ಮಕ್ಕಳ ಚಪ್ಪಲಿ ಕಾಯುವ ಕೆಲಸ ಅವನದ್ದು. ಬೇಕಾದ್ದೇ ಬಿಡಿ ಅವನಿಗೆ.

ಬಿಸಿಲಗಿರಿಯವರೆಲ್ಲ ಸುಖವಾಗಿ ಬಾಳಿದರು. ಕಲಿಸಿದವರ ಹೆಸರು ಕೇಳಿಸಿಕೊಳ್ಳದೆ ಅಲ್ಲಿ ಈಗಲೂ ಯಾವ ಮಗುವೂ ಚಪ್ಪಲಿ ಮೆಟ್ಟುವುದಿಲ್ಲ.

ಏಳಬೇಡಿ, ತಡೆಯಿರಿ. ಈ ಕತೆ ಹೇಳಿದವಳ ಹೆಸರು ಸಾತವ್ವ.