ಬ್ಯಾಂಡಿನ ಬಾಯಿ ಕಟ್ಟಿದ ಕಳ್ಳ

ನನ್ನಾಣೆಗೂ ಇದು ನಡೆದಿದ್ದು, ಒಂದು ಕೂದಲೆಳೆಯಷ್ಟೂ ಸೇರಿಸಿಲ್ಲ.

ಮಧ್ಯಾಹ್ನ ಎರಡಕ್ಕೆ ಸ್ಟೇಷನ್ನಿಗೆ ಆಸ್ಪತ್ರೆಯಿಂದ ಫೋನು. ಬ್ಯಾಂಡಿನ ಊದಣ್ಣನ ಟ್ರಂಪೆಟ್ಟಿನ ಮೌತ್‌ಪೀಸು, ಅದೇ ತುಟಿಗಿಟ್ಟು ಊದೋ ಹಿತ್ತಾಳೆ ತುಂಡು, ವಾರ್ಡಿಂದ ಕಳುವಾಗಿದೆ. ಇನ್‌ಸ್ಪೆಕ್ಟರಮ್ಮ ಎಫ್‌ಐಆರ್ ಬರೆಸಿ, ದಫೇದಾರನ್ನ ಕರ್ಕೊಂಡು ಹೊರಟ್ರು.

ಈ ಊದಣ್ಣ ಉಸಿರೆಳೆದ್ರೆ ಎದುರುಮನೆ ತಂತಿ ಮೇಲಿನ ಬಟ್ಟೆಯೆಲ್ಲ ಇವನ ಕಡೆ ವಾಲ್ತಿತ್ತು. ಅಂಥವನ ಶ್ವಾಸಕೋಶದಲ್ಲಿ ಕಡಲೆಕಾಳಷ್ಟು ಗಂಟು. ಅದೇನಂತ ತಿಳಿಯೋಕೆ ಬೆಳಿಗ್ಗೆ ಡಾಕ್ಟರಮ್ಮ ಸ್ಕ್ಯಾನಲ್ಲಿ ನೋಡ್ಕೊಂಡು, ಪಕ್ಕೆಲುಬಿನ ಸಂದಿಂದ ಸೂಜಿ ಹಾಕಿ ಚೂರು ತೆಗೆದಿದ್ರು. "ಪ್ರತಿ ಸಲ ಒಂದೇ ಅಳತೆಗೆ ಉಸಿರು ಹಿಡೀರಿ, ಅಲ್ಲಾಡಬೇಡಿ" ಅಂದ್ರೆ ಇವನು ಬಿಡೋದನ್ನೇ ಮರೆತ. ಕೆಲಸ ಮುಗಿಸಿ, ಕೈ ತೊಳ್ಕೊಂಡು ಬಂದು ಅವರೇ "ಸಾಕು, ಬಿಡಿ ಯಜಮಾನ್ರೇ" ಅನ್ನಬೇಕಾಯ್ತು.

ಈಗ ಚುಚ್ಚಿದ ಮಗ್ಗುಲಿಗೇ ಮಲಗಿದ್ದ, ತೂತಿಂದ ಗಾಳಿ ಸೋರದಿರಲಿ ಅಂತ. ಕೆಮ್ಮೋ ಹಾಗಿಲ್ಲ, ಮಾತೂ ಕಮ್ಮಿ.

"ಸಂಜೆ ಕಾರ್ಯಕ್ರಮ ಇದೆ ಮೇಡಂ. ಸದ್ದಿಲ್ಲದೆ ಹೋಗಿ ಎರಡೇ ಹಾಡು ಊದಿ ಬರ್ತಿದ್ದೆ."

"ಕೇಳಿಸ್ಕೊಂಡ್ರಾ?" ಅಂದ್ಲು ಹೆಂಡತಿ. "ಎರಡು ವಾರ ಊದಲೇಬಾರದು ಅಂತ ಡಾಕ್ಟರು ಹೇಳಿದ್ದಾರೆ."

"ನನಗೆ ಮೊದ್ಲು ಅನುಮಾನ ಬಂದಿದ್ದೇ ನಿನ್ನ ಮೇಲೆ."

ದಫೇದಾರ ಪಂಚನಾಮೆ ಮಾಡಿದ. ಕೈಗಡಿಯಾರ ಇದೆ, ಪರ್ಸ್ ಇದೆ, ಟ್ರಂಪೆಟ್ಟೂ ಇದೆ. ಅದೊಂದು ತುಂಡು ಮಾತ್ರ ಇಲ್ಲ. ಬ್ಯಾಂಡ್ ಗೊತ್ತಿರೋನ ಕೈಚಳಕ ಅಂದ್ಕೊಂಡ್ರು ಇನ್‌ಸ್ಪೆಕ್ಟರಮ್ಮ.

"ನೋಡೋಕೆ ಯಾರು ಬಂದಿದ್ರು?"

"ಎರಡನೇ ಟ್ರಂಪೆಟ್ಟಿನವನು. ಕಿತ್ತಳೆಹಣ್ಣು ತಂದಿದ್ದ."

ಊದಣ್ಣನ ಮುಂದಿನ ಸಾಲಿನ ಜಾಗಕ್ಕೆ ವರ್ಷಗಟ್ಟಲೆ ಕಾದಿರೋನು. ಇನ್ನೇನು ಬೇಕು? ಸೀದಾ ಬ್ಯಾಂಡಿನ ಕೋಣೆಗೆ ಹೋದ್ರು. ಪೊಲೀಸ್ನೋರನ್ನ ಕಂಡು ಅವನು ಎದ್ದ. ಎದ್ದಿದ್ದೇ ಜೇಬು ಗಲಗಲ ಅಂತು.

"ಏನದು?"

"ಬೀಗದ ಕೈ, ಮೇಡಂ."

"ಎಷ್ಟು ಮನೆ ಇದೆಯಪ್ಪಾ ನಿಂಗೆ? ತೆಗಿ."

ತೆಗೆದ. ಇಡೀ ಬ್ಯಾಂಡಿನ ಮೌತ್‌ಪೀಸುಗಳು.

"ಎಲ್ಲರದೂ ಯಾಕೋ?"

"ಒಂದೇ ಕದ್ದಿದ್ರೆ ಅಣ್ಣ ಇನ್ನೊಬ್ಬರ ಹತ್ರ ಇಸ್ಕೊಂಡು ಊದ್ತಿದ್ದ. ಊದಿದ್ರೆ ಗಾಳಿ ಸೋರಿ ಶ್ವಾಸಕೋಶ ಮುದುಡ್ಕೊಳ್ಳುತ್ತಂತೆ. ಮುಂದಿನ ಸಾಲು ಹಾಗೆ ಸಿಗೋದು ನಂಗೆ ಬೇಡ. ನಂಗೆ ಊದೋಕೆ ಕಲಿಸಿದ್ದೇ ಅವನು."

ನಾಲ್ಕೂ ಇಪ್ಪತ್ತಕ್ಕೆ ದಸ್ತಗಿರಿ. ಆದ್ರೆ ಜೀಪು ಸ್ಟೇಷನ್ನಿಗೆ ಹೋಗ್ಲಿಲ್ಲ, ವಾರ್ಡಿಗೆ ಹೋಯ್ತು. ವಿಷಯ ಕೇಳಿ ಊದಣ್ಣ ಮಲಗಿದ್ದಲ್ಲಿಂದಲೇ ಕಳ್ಳನ ಕೈ ಹಿಡ್ಕೊಂಡ. ಕಣ್ಣು ತುಂಬಿತ್ತು.

"ದೂರು ವಾಪಸ್ಸು. ಇವನನ್ನ ಬಿಟ್ಬಿಡಿ, ಮೇಡಂ."

"ಮೊದ್ಲು ನೀನು ಬಿಡಪ್ಪಾ."

ಮೌತ್‌ಪೀಸೆಲ್ಲ ಪೊಲೀಸ್ನೋರ ಹತ್ರವೇ ಉಳಿದು, ಆ ಸಂಜೆ ಬ್ಯಾಂಡಲ್ಲಿ ಬರೀ ಡೋಲು. ಕೆಲವು ದಿನಕ್ಕೆ, ಗಂಟು ಕೆಟ್ಟದ್ದಲ್ಲ, ಹಳೇ ಸೋಂಕಿನ ಕಲೆ ಅಂತ ರಿಪೋರ್ಟ್ ಬಂತು. ಡಾಕ್ಟರಮ್ಮ ಹೂಂ ಅಂದ್ಮೇಲೆ ಊದಣ್ಣ ಊದಿದ, ಕಳ್ಳನನ್ನ ಮುಂದಿನ ಸಾಲಲ್ಲಿ ಪಕ್ಕಕ್ಕೇ ನಿಲ್ಲಿಸ್ಕೊಂಡು.

ಏನು, ನಂಬಿಕೆ ಬರ್ತಿಲ್ವಾ? ಹಾಗಾದ್ರೆ ಊದಣ್ಣನ ಥರ ಉಸಿರು ಹಿಡಿದು, ಅಲ್ಲಾಡದೆ, ಕಣ್ಮುಚ್ಕೊಂಡು ಕೂತ್ಕೊಳ್ಳಿ. ನಿಮ್ಮ ಲೋಟದಲ್ಲಿರೋ ಚಹಾ ನಾನು ಕುಡಿದು ಮುಗಿಸೋವರೆಗೆ.