ಮೂರನೇ ಗೇರಿನ ಗೋಳು

ಬ್ರೇಕ್!

ಅವಳ ತಲೆಗಿಂತ ಮೊದಲು ಅವಳ ಕಾಲು ಯೋಚಿಸಿತ್ತು. ಹಳೆಯ ಹಸಿರು ಕಾರು ಕಿರುಚಿಕೊಂಡು ನಿಂತಿತು. ಸ್ಟಿಯರಿಂಗ್ ಹಿಡಿದಿದ್ದ ಹೊಸ ವಿದ್ಯಾರ್ಥಿನಿ ಕಣ್ಣು ಮುಚ್ಚಿ ಸತ್ತೇ ಹೋದೆ ಎಂದು ಗೊಣಗುತ್ತಿದ್ದಳು.

ಬಾನೆಟ್ಟಿನಿಂದ ಒಂದು ಮೊಳ ದೂರದಲ್ಲಿ ಒಬ್ಬ ನಿಂತಿದ್ದ. ಅವನೂ ಕಣ್ಣು ಮುಚ್ಚಿಕೊಂಡಿದ್ದ!

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಅದರಿಂದಲೇ ಅವಳಿಗೆ ಬ್ರೇಕ್ ಮೇಡಂ ಎಂದು ಹೆಸರು ಬಿದ್ದದ್ದು. ಮೇಡಂ ಬಾಗಿಲು ತೆಗೆದು ಇಳಿದಳು.

"ರೀ! ಸಾಯೋಕೆ ಬೇರೆ ಗಾಡಿ ಸಿಗ್ಲಿಲ್ವಾ?"

ಅವನು ಕಣ್ಣು ಬಿಟ್ಟ. ಹೆದರಿದಂತೆ ಕಾಣಲಿಲ್ಲ. ಯಾರೋ ಹಾಡು ಅರ್ಧಕ್ಕೆ ನಿಲ್ಲಿಸಿದಂತೆ ಬೇಸರದಲ್ಲಿದ್ದ.

"ನಿಮ್ಮ ಮೂರನೇ ಗೇರ್ ಗೋಳಾಡ್ತಿದೆ."

"ಗೊತ್ತು. ರಿಪೇರಿಗೆ ಬಿಡ್ಬೇಕು."

"ದಯವಿಟ್ಟು ಬಿಡ್ಬೇಡಿ!"

ಅವಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಕುಡಿದಿರಲಿಲ್ಲ. ಕೂದಲು ಬಾಚಿರಲಿಲ್ಲ, ಅಷ್ಟೆ. 'ಹುಚ್ಚ... ಆದರೆ ಕಣ್ಣು ಚೆನ್ನಾಗಿವೆ' ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಮುಂದಿನ ಶನಿವಾರ ಸಂಜೆ ಆ ಹುಚ್ಚ ಟೈರ್ ಅಂಗಡಿಯ ಮಹಡಿ ಹತ್ತಿ ಬಂದ.

ಟೈರ್ ಅಂಗಡಿ ಅವಳ ಸೋದರಮಾವನದು. ಡ್ರೈವಿಂಗ್ ಸ್ಕೂಲೂ ಅವರದೇ. ಮಹಡಿಯಲ್ಲಿ ಒಂದು ಟಿವಿ ಇತ್ತು, ಕೂರಲು ಹಳೆಯ ಟೈರುಗಳಿದ್ದವು. 'ಬಿಸಿ ಬಾನೆಟ್' ಎಂಬ ಕಾರುಗಳ ಕಾರ್ಯಕ್ರಮದ ಅಭಿಮಾನಿಗಳು ಅಲ್ಲಿ ಸೇರುತ್ತಿದ್ದರು. ಮಾವ, ಮೇಡಂ, ಬಸ್ ಓಡಿಸುವ ಬಸ್ಸಣ್ಣ, ಎದುರಿನ ಕ್ಲಿನಿಕ್ಕಿನ ಹಲ್ಲಿನ ಡಾಕ್ಟ್ರಮ್ಮ. ಕಾರ್ಯಕ್ರಮ ನಿಂತು ಎರಡು ವರ್ಷವಾಗಿತ್ತು. ಹೊಸ ಸೀಸನ್ ಬರುತ್ತದೆ ಎಂಬ ಸುದ್ದಿ ಸಿಕ್ಕಿದಂದಿನಿಂದ ಮೊದಲ ಕಂತಿನಲ್ಲಿ ಯಾವ ಕಾರು ಬರುತ್ತದೆ ಎಂದು ದಿನವೂ ಜಗಳ.

"ಟ್ರಕ್ಕೇ ಬರೋದು. ಬರೆದಿಟ್ಕೊಳ್ಳಿ!" ಬಸ್ಸಣ್ಣ ತೊಡೆ ತಟ್ಟುತ್ತಿದ್ದ.

"ನಿಮಗೆ ಬಸ್ಸು, ಟ್ರಕ್ಕು ಬಿಟ್ರೆ ಪ್ರಪಂಚದಲ್ಲಿ ಬೇರೇನಾದ್ರೂ ಕಾಣುತ್ತಾ?" ಡಾಕ್ಟ್ರಮ್ಮ ಕೇಳುತ್ತಿದ್ದರು. "ಕೆಂಪು ಸ್ಪೋರ್ಟ್ಸ್ ಕಾರು. ಕಣ್ಣುಮುಚ್ಚಿ ಹೇಳ್ತೀನಿ."

ಮಹಡಿಗೆ ಇದ್ದದ್ದು ಒಂದೇ ನಿಯಮ. ಮೇಡಂ ಅದನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಳು: ಮುಂದೇನು ಬರುತ್ತದೆಂದು ಮೊದಲೇ ಗೊತ್ತಿದ್ದವರಿಗೆ ಪ್ರವೇಶವಿಲ್ಲ.

ಹೊಸಬ ಅದನ್ನು ಓದಿ ಬಾಗಿಲಲ್ಲೇ ಸ್ವಲ್ಪ ತಡೆದ. ಮಾವ ಅವನ ಭುಜ ಹಿಡಿದು ಒಳಗೆ ತಳ್ಳಿದರು. "ನಮ್ಮ ಹುಡುಗನೇ, ಬರ್ಲಿ ಬಿಡೇ."

ಪ್ರತಿ ವಾರ ಒಂದು ಆಟ ನಡೆಯುತ್ತಿತ್ತು. ಹಳೆಯ ಕಂತಿನ ಒಂದು ತುಣುಕು ಹಾಕಬೇಕು. ಎಲ್ಲರೂ ಕಣ್ಣು ಮುಚ್ಚಿ ಎಂಜಿನ್ ಸದ್ದು ಮಾತ್ರ ಕೇಳಿ ಗಾಡಿ ಯಾವುದೆಂದು ಹೇಳಬೇಕು. ಸೋತವರು ಚಹಾದ ಲೋಟ ತೊಳೆಯಬೇಕು.

ಹೊಸಬ ಮೊದಲ ವಾರ ಸೋತ. ಎರಡನೆಯ ವಾರ ಸೋತ. ಆಮೇಲೂ ಬಿಡದೆ ಸೋತ.

"ಅಲ್ರೀ, ಅವತ್ತು ಗೇರ್ ಬಗ್ಗೆ ಭಾಷಣ ಬಿಗಿದ್ರಿ. ಟ್ಯಾಕ್ಸಿಗೂ ಟ್ರ್ಯಾಕ್ಟರಿಗೂ ವ್ಯತ್ಯಾಸ ಗೊತ್ತಾಗಲ್ವಾ?" ಅವಳು ನಲ್ಲಿಯ ಪಕ್ಕ ನಿಂತು ನಗುತ್ತಿದ್ದಳು.

"ಗೊತ್ತಾಗಿದ್ರೆ ಇಲ್ಲಿ ಯಾಕೆ ಸೋಪಿನ ಜೊತೆ ಗುದ್ದಾಡ್ತಿದ್ದೆ?"

ಅವನು ತೊಳೆಯುತ್ತಿದ್ದ. ಅವಳು ಒರೆಸುತ್ತಿದ್ದಳು. ಒರೆಸುವುದು ನಿಯಮದಲ್ಲಿರಲಿಲ್ಲ. ಅದನ್ನು ಯಾರೂ ಎತ್ತಿ ಆಡಲಿಲ್ಲ. ಡಾಕ್ಟ್ರಮ್ಮ ಮಾತ್ರ ಒಮ್ಮೆ ಕೆಮ್ಮಿದರು.

"ಏನು ಕೆಲಸ ನಿಮ್ದು?" ಒಂದು ದಿನ ಕೇಳಿದಳು.

"ಸೌಂಡ್ ಕೆಲಸ. ಸ್ಟುಡಿಯೋದಲ್ಲಿ."

"ಸೀಸನ್ ಶುರುವಾದ ಮೇಲೂ ಬರ್ತೀರಾ?"

ಅವನು ಲೋಟವನ್ನು ಬೇಕಾದ್ದಕ್ಕಿಂತ ಹೆಚ್ಚು ತಿಕ್ಕಿದ. "ನೀವು ಬಿಟ್ಕೊಂಡ್ರೆ..."

'ಬಿಟ್ಕೊಳ್ಳದೆ ಏನು!' ಎಂದು ಅವಳ ಮನಸ್ಸು ಕೂಗಿತು. ಬಾಯಿ ಮಾತ್ರ, "ಆ ಲೋಟದ ಅಂಚಲ್ಲಿ ಇನ್ನೂ ಕರೆ ಇದೆ" ಎಂದಿತು.

ಹೊಸ ಸೀಸನ್ನಿನ ಜಾಹೀರಾತು ಬಂದ ಸಂಜೆ ಮಹಡಿಯಲ್ಲಿ ಉಸಿರಾಟವೂ ನಿಂತಂತಿತ್ತು. ಪರದೆಯಿಡೀ ಕಪ್ಪು. ಬರೀ ಸದ್ದು. ಎಲ್ಲರೂ ಕಣ್ಣು ಮುಚ್ಚಿದರು.

ಟಕ್. ಟಕ್.

ಆಮೇಲೆ ಕೆಮ್ಮುತ್ತಾ ಎದ್ದ ಎಂಜಿನ್. ಒಂದನೇ ಗೇರ್... ಎರಡು... ಮೂರಕ್ಕೆ ಬಂದಾಗ ತೆಳ್ಳಗಿನ, ಉದ್ದನೆಯ ಗೋಳು.

"ಹಳೇ ಟ್ರಕ್ಕು! ನಾನು ಹೇಳ್ಲಿಲ್ವಾ!" ಬಸ್ಸಣ್ಣ ಕುಣಿದ.

"ಆ ಟಕ್ ಟಕ್ ಏನು? ಯಾರಾದ್ರೂ ಬಾಗಿಲು ತಟ್ಟಿದ್ದಾ?" ಡಾಕ್ಟ್ರಮ್ಮ ಕೇಳಿದರು.

ಅವಳಿಗೆ ಗೊತ್ತಿತ್ತು. ಹಸಿರು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಪೆಟ್ರೋಲ್ ತೋರಿಸುವ ಮುಳ್ಳು ಸಿಕ್ಕಿಕೊಳ್ಳುತ್ತದೆ. ಅದನ್ನು ಸಡಿಲಿಸಲು ಗಾಡಿ ಶುರು ಮಾಡುವ ಮೊದಲು ಅವಳು ಬೆರಳಿನಿಂದ ಎರಡು ಸಲ ತಟ್ಟುತ್ತಾಳೆ. ಆ ಬೆರಳು ಅವಳದು. ಆ ಗೋಳು ಅವಳ ಗಾಡಿಯದು.

ಕಣ್ಣು ಬಿಟ್ಟಳು. ಅವನು ಆಗಲೇ ಅವಳನ್ನು ನೋಡುತ್ತಿದ್ದ.

"ನೀವು ಆ ಪ್ರೋಗ್ರಾಂನವರ ಕಡೆಯವರು."

"ಮೇಡಂ, ಒಂದು ನಿಮಿಷ..."

"ಗೊತ್ತಿತ್ತಾ, ಇಲ್ವಾ? ಅಷ್ಟು ಹೇಳಿ."

"...ಗೊತ್ತಿತ್ತು. ಹೊರಗೆ ಹೇಳಿದ್ರೆ ಕೆಲಸ ಹೋಗುತ್ತೆ."

"ನಾವು ಇಲ್ಲಿ ಹೊಡೆದಾಡ್ಕೋತಿದ್ವಿ. ಉತ್ತರ ಜೇಬಲ್ಲಿಟ್ಕೊಂಡು ಕೂತು ಮಜಾ ತಗೊಂಡೆ, ಅಲ್ವಾ?" ಬಹುವಚನ ಅವಳಿಗೆ ತಿಳಿಯದೆಯೇ ಜಾರಿಹೋಗಿತ್ತು. "ಸಾಲದ್ದಕ್ಕೆ ನನ್ನ ಗಾಡೀನೇ ಕದ್ದೆ! ಗೋಡೆ ಓದು. ಓದಿ ಕೆಳಗಿಳಿ."

ಅವನು ಮಾವನ ಕಡೆ ನೋಡಿದ. ಮಾವ ಚಹಾದ ಲೋಟದೊಳಗೆ ಏನನ್ನೋ ಹುಡುಕುತ್ತಿದ್ದರು. ಅವನು ಇಳಿದುಹೋದ.

ಅವಳು ಅಳಲಿಲ್ಲ. ಅಳುವುದು ಅವಳ ಜಾಯಮಾನವಲ್ಲ. ಮರುದಿನದಿಂದ ಕಲಿಯುವವರ ಪಾಡು ಮಾತ್ರ ಹೇಳತೀರದು. ಇರುವೆ ಅಡ್ಡ ಬಂದರೂ ಮೇಡಂ ಬ್ರೇಕ್ ಒತ್ತುತ್ತಿದ್ದಳು. ಸಂಜೆ ಒಬ್ಬಳೇ ಗಾಡಿ ತಂದು ನಿಲ್ಲಿಸುವಾಗ ಮೂರನೇ ಗೇರಿಗೆ ಹಾಕುತ್ತಲೇ ಇರಲಿಲ್ಲ. ಆ ಸದ್ದು ಈಗ ಅವನನ್ನು ಕರೆಯುತ್ತಿತ್ತು.

ಹೊಸ ಸೀಸನ್ ಶುರುವಾಗುವ ದಿನ ಬಂತು. ಮಧ್ಯಾಹ್ನವೇ ಮಾವ ಬಂದು ಟೈರಿನ ಮೇಲೆ ಕೂತರು.

"ತಪ್ಪು ನಂದು ಕಣೇ."

"ಯಾವ ತಪ್ಪು? ಎಣಿಸೋಕೆ ಶುರು ಮಾಡಿದ್ರೆ ಸೀಸನ್ ಮುಗಿದುಹೋಗುತ್ತೆ."

"ಕಾರು ನನ್ನ ಹೆಸರಲ್ಲಿದೆ. ಅವನು ಬಂದು ಗಾಡಿ ಸದ್ದು ಬೇಕು ಅಂದ, ನಾನು ಹೂಂ ಅಂದೆ. ಬ್ಯಾಟರಿ ಚಾರ್ಜ್ ಆಗ್ಲಿ, ಗ್ರೌಂಡ್ ಸುತ್ತು ಅಂತ ನಾನೇ ಒಂದಿನ ನಿನ್ನ ಕಳಿಸಿದ್ನಲ್ಲ? ಸೀಟಿನ ಕೆಳಗೆ ಮೈಕ್ ಇತ್ತು. ಮೇಡಂಗೆ ಹೇಳ್ಬಿಡೋಣ ಅಂತ ಅವನು ನನ್ನ ಪ್ರಾಣ ತಿಂದ. ಬೇಡ, ಟಿವಿಯಲ್ಲಿ ಕೇಳಿ ಕುಣಿದಾಡ್ಲಿ ಅಂದೋನು ನಾನು."

"ಮಾವಾ! ಅವತ್ತೇ ಬಾಯಿ ಬಿಡೋಕೆ ಏನಾಗಿತ್ತು?"

"ನಿನ್ನ ಮುಖ ನೀನು ನೋಡ್ಕೊಂಡಿದ್ಯಾ ಅವತ್ತು? ಹೆದರಿದೆ." ಮಾವ ತಲೆ ಕೆರೆದುಕೊಂಡರು. "ಸದ್ದು ತಗೊಳ್ಳೋಕೆ ಒಂದು ಮಧ್ಯಾಹ್ನ ಸಾಕಾಯ್ತು ಅವನಿಗೆ. ಆಮೇಲೂ ಪ್ರತಿ ಶನಿವಾರ ಯಾಕೆ ಬರ್ತಿದ್ದ? ನನ್ನ ಮುಖ ನೋಡೋಕಾ? ಹಳೇ ಸೀಸನ್ನಿನ ಗಾಡಿ ಸದ್ದೆಲ್ಲ ಮಾಡಿದೋನೂ ಅವನೇ."

ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆ ನಿಂತಿತು.

ಹಳೆಯ ಸೀಸನ್ನಿನ ಸದ್ದೆಲ್ಲ... ಅವನೇ?

ಅಂದರೆ ತಾನೇ ರೆಕಾರ್ಡ್ ಮಾಡಿದ ಟ್ಯಾಕ್ಸಿಯನ್ನು ಟ್ರ್ಯಾಕ್ಟರ್ ಎಂದಿದ್ದ! ಗೆಲ್ಲಬಹುದಾದ ಆಟವನ್ನು ವಾರವಾರವೂ ಸೋತು, ಮುಖ ಸಪ್ಪೆ ಮಾಡಿಕೊಂಡು ನಲ್ಲಿಯ ಕಡೆಗೆ ಹೋಗುತ್ತಿದ್ದ. ಗೊತ್ತಿದ್ದದ್ದನ್ನು ಒಂದು ದಿನವೂ ಬಳಸಿಕೊಳ್ಳಲಿಲ್ಲ.

"ಸ್ಟುಡಿಯೋ ಎಲ್ಲಿದೆ?"

"ಹಳೇ ಪ್ರೆಸ್ಸಿನ ಹಿಂದಿನ ಗಲ್ಲಿ. ಆದ್ರೆ ಪ್ರೋಗ್ರಾಂ ಶುರುವಾಗೋಕೆ..."

ಅವಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

ಸ್ಟುಡಿಯೋ ಬಾಗಿಲು ಮುಚ್ಚಿತ್ತು. ಅವಳು ಕರೆಗಂಟೆ ಒತ್ತಲಿಲ್ಲ, ಹಾರ್ನ್ ಹೊಡೆಯಲಿಲ್ಲ. ಉದ್ದನೆಯ ಗಲ್ಲಿಯ ತುದಿಯಿಂದ ತುದಿಗೆ ಮೂರನೇ ಗೇರಿನಲ್ಲಿ ಗಾಡಿ ಓಡಿಸಿದಳು. ಗೋಳು ಗೋಡೆಗೆ ಬಡಿದು ತಿರುಗಿ ಬಂತು. ಕಿಟಕಿಗಳು ತೆರೆದವು. ಯಾರೋ ಬೈದರು. ಅವಳು ತಿರುಗಿಸಿಕೊಂಡು ಬಂದಳು.

ಬ್ರೇಕ್!

ಬಾನೆಟ್ಟಿನಿಂದ ಒಂದು ಮೊಳ ದೂರದಲ್ಲಿ ಅವನು ನಿಂತಿದ್ದ. ಕೊರಳಲ್ಲಿ ಹೆಡ್‌ಫೋನ್. ಈ ಸಲ ಕಣ್ಣು ತೆರೆದಿತ್ತು.

"ರಿಪೇರಿ ಮಾಡಿಸ್ಲಿಲ್ವಾ?" ಅವನು ಕೇಳಿದ.

"ಬೇಡ ಅಂದಿದ್ಯಲ್ಲ." ಅವಳು ಇಳಿಯದೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಮಾವ ಎಲ್ಲಾ ಹೇಳಿದ್ರು. ಅವತ್ತು ನಿನ್ನ ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ. ಸಾರಿ."

"ನಾನೂ ಮೊದಲೇ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು. ಈಗ ಹೇಳು, ಬೇಕಂತಲೇ ಯಾಕೆ ಸೋಲ್ತಿದ್ದೆ?"

"ಗೆದ್ದಿದ್ರೆ ಮೋಸ ಆಗ್ತಿತ್ತು." ಅವನು ಒಂದು ಹೆಜ್ಜೆ ಮುಂದೆ ಬಂದ. "ಅದೊಂದೇ ಅಲ್ಲ... ಗೆದ್ದಿದ್ರೆ ಲೋಟ ಬೇರೆಯವರು ತೊಳೀತಿದ್ರು. ನೀವು ಅವರ ಪಕ್ಕ ನಿಂತು ಒರೆಸ್ತಿದ್ರಿ. ಅದು ನನ್ನ ಕೈಲಿ ಆಗ್ತಿರಲಿಲ್ಲ."

"ಬಸ್ಸಣ್ಣನ ಪಕ್ಕ ನಾನ್ಯಾಕೆ ನಿಲ್ತೀನಿ ಮಾರಾಯ!" ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣು ಒದ್ದೆಯಾದದ್ದೂ ಅದೇ ಹೊತ್ತಿಗೆ. "ಸ್ಪಷ್ಟವಾಗಿ ಹೇಳು. ಸೌಂಡ್ ಕೆಲಸದವನು ನೀನು."

"ನೀವಂದ್ರೆ ನನಗೆ ಇಷ್ಟ. ತುಂಬಾ."

"ನೀನು ಅನ್ನು."

"...ನೀನಂದ್ರೆ ಇಷ್ಟ."

ಅವಳು ಪಕ್ಕದ ಬಾಗಿಲು ತೆರೆದಳು. ಅವನು ಹತ್ತಲಿಲ್ಲ.

"ಮಹಡಿಗೆ ಹೇಗೆ ಬರ್ಲಿ? ಈ ಸೀಸನ್ ಪೂರ್ತಿ ನನಗೆ ಗೊತ್ತು."

"ನಮ್ಮಿಬ್ಬರ ವಿಷಯ? ಮುಂದೆ ಏನಾಗುತ್ತೆ ಅಂತ ಗೊತ್ತಾ?"

ಅವನು ಯೋಚಿಸಿದ. "ಇಲ್ಲ. ಅದು ಖಂಡಿತ ಗೊತ್ತಿಲ್ಲ."

"ಹಾಗಾದ್ರೆ ಪ್ರವೇಶ ಇದೆ. ಹತ್ತು."

ಅವನು ಹತ್ತಿ ಕೂತ. ಡ್ಯಾಶ್‌ಬೋರ್ಡಿನತ್ತ ಹೋದ ಅವಳ ಬೆರಳು ಅರ್ಧದಲ್ಲೇ ನಿಂತಿತು.

"ನೀನೇ ತಟ್ಟು."

ಟಕ್. ಟಕ್.

ಮುಳ್ಳು ಮೇಲೆದ್ದಿತು.